ಹೊಟ್ಟೆಪಾಡಿನ ಓಟದಲ್ಲಿ ಹೊಟ್ಟೆಯ ಪಾಡು

ಮೈದಾನಕ್ಕೆ ನಾಲ್ಕು ಸುತ್ತು, ಒಟ್ಟು 1600 ಮೀಟರ್. ಆರೂವರೆ ನಿಮಿಷದೊಳಗೆ ಮುಗಿಸಿದರೆ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಬಾಗಿಲು ಅರ್ಧ ತೆರೆದ ಹಾಗೆ. ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಎರಡು ಸುತ್ತು ಮುಗಿಯುವವರೆಗೂ ನಾನು ಮುಂದಿನ ಗುಂಪಿನಲ್ಲೇ ಇದ್ದೆ. ಮೂರನೇ ಸುತ್ತಿನ ತಿರುವಿನಲ್ಲಿ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನುಲಿಯಿತು. ಬಗ್ಗಿ ನಾಲ್ಕು ಹೆಜ್ಜೆ ನಡೆದೆ, ಮತ್ತೆ ಓಡಿದೆ, ಮತ್ತೆ ನಡೆದೆ. ಗೆರೆ ದಾಟಿದಾಗ 6 ನಿಮಿಷ 44 ಸೆಕೆಂಡು ಆಗಿತ್ತು. ಬರೀ ಹದಿನಾಲ್ಕು ಸೆಕೆಂಡು!

ಚಿಕ್ಕಜಾಜೂರಿನಲ್ಲಿ ರೈಲು ಇಳಿದು ಹೊಳಲ್ಕೆರೆ ಬಸ್ಸಿಗೆ ಕಾಯುತ್ತಾ ಅವ್ವನಿಗೆ ಫೋನ್ ಮಾಡಿದೆ. 'ಹೋಯ್ತವ್ವ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಹೋದ್ರೆ ಹೋಗ್ಲಿ ಬಾರಪ್ಪ. ಮೊದ್ಲು ಏನಾದ್ರೂ ಉಂಡ್ಯಾ?' ಅಂದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆ ಪ್ರಶ್ನೆಗೆ ಬಂದುಬಿಟ್ಟಿತು. ಯಾಕೆಂದರೆ ಏಳು ವಾರದಿಂದ ನಾನು ಹೊಟ್ಟೆ ತುಂಬ ಉಂಡೇ ಇರಲಿಲ್ಲ.

ಏಳು ವಾರಕ್ಕೆ ಹತ್ತು ಕೆ.ಜಿ.

ಕಥೆ ಶುರುವಾಗಿದ್ದು ಧಾರವಾಡದಲ್ಲಿ. ಬಿ.ಎಸ್ಸಿ. ಮುಗಿಸಿ ಕೋಚಿಂಗ್‌ಗೆ ಅಂತ ಅಲ್ಲಿಗೆ ಹೋದಾಗ ನನ್ನ ತೂಕ 69 ಕೆ.ಜಿ. ಪಿಜಿಯಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾಂಬಾರು, ರಾತ್ರಿ ಮೈದಾ ಚಪಾತಿ. ತರಕಾರಿ ಅಂದರೆ ಸಾಂಬಾರಿನಲ್ಲಿ ತೇಲುವ ಎರಡು ತುಂಡು ಮೂಲಂಗಿ. ಸಂಜೆ ಹಸಿವಾದರೆ ಪಪ್ಸು, ಗಿರ್ಮಿಟ್ಟು, ಮಿರ್ಚಿ. ದಿನಕ್ಕೆ ಹನ್ನೆರಡು ಗಂಟೆ ಲೈಬ್ರರಿಯ ಕುರ್ಚಿ. ಹದಿನಾಲ್ಕು ತಿಂಗಳಲ್ಲಿ 81 ಕೆ.ಜಿ. ಆಗಿದ್ದೆ. ಪಿಜಿಯವರನ್ನು ದೂರುವುದಿಲ್ಲ. ಅವರು ಕೊಟ್ಟ ದುಡ್ಡಿಗೆ ತಕ್ಕ ಊಟ ಹಾಕುತ್ತಿದ್ದರು, ಎದ್ದು ಓಡಬೇಡ ಎಂದು ಯಾರೂ ಹೇಳಿರಲಿಲ್ಲ.

ಲಿಖಿತ ಪರೀಕ್ಷೆಯ ಫಲಿತಾಂಶ ಬಂದಾಗ ದೈಹಿಕ ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಮೊಬೈಲ್ ತೆರೆದರೆ ಪ್ರತಿ ಎರಡನೇ ರೀಲ್ಸ್ ತೂಕ ಇಳಿಸುವುದರ ಬಗ್ಗೆಯೇ. ನಾನೂ ಒಂದನ್ನು ಹಿಡಿದುಕೊಂಡೆ. ಬೆಳಿಗ್ಗೆ ಸಕ್ಕರೆ ಇಲ್ಲದ ಕಪ್ಪು ಕಾಫಿ, ಮಧ್ಯಾಹ್ನ ಮೂರು ಮೊಟ್ಟೆಯ ಬಿಳಿ ಭಾಗ ಮತ್ತು ಸೌತೆಕಾಯಿ, ರಾತ್ರಿ ಒಂದು ಲೋಟ ಪ್ರೋಟೀನ್ ಪುಡಿಯ ನೀರು. ಆ ಡಬ್ಬಕ್ಕೆ 'ಪುಸ್ತಕ ತಗೋಬೇಕು' ಎಂದು ಅಪ್ಪನಿಂದ ದುಡ್ಡು ತರಿಸಿಕೊಂಡಿದ್ದೆ. ಅಪ್ಪ ಒಂದೂವರೆ ಎಕರೆ ಮೆಕ್ಕೆಜೋಳದ ರೈತ, ಸುಗ್ಗಿಯಲ್ಲಿ ಬೇರೆಯವರ ಅಡಿಕೆ ಸುಲಿಯಲು ಹೋಗುತ್ತಾರೆ. ಆ ಸುಳ್ಳು ಈಗಲೂ ಚುಚ್ಚುತ್ತದೆ.

ಏಳು ವಾರದಲ್ಲಿ ಹತ್ತು ಕೆ.ಜಿ. ಇಳಿಯಿತು. ರೂಮ್‌ಮೇಟ್‌ಗಳು 'ಹೀರೋ' ಅಂದರು. ಆದರೆ ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆ, ಉಳಿದ ದಿನ ಹೊಟ್ಟೆಯುಬ್ಬರ, ರಾತ್ರಿ ನಿದ್ದೆಯಿಲ್ಲ. ಇದನ್ನೆಲ್ಲ ಯಾರಿಗೆ ಹೇಳಿಕೊಳ್ಳುವುದು? ನಮ್ಮಲ್ಲಿ ಹೊಟ್ಟೆಯ ಮಾತು ಆಡಿದರೆ ನಗುತ್ತಾರೆ. ನಾನೂ ಸುಮ್ಮನಿದ್ದೆ. ಓಟದ ದಿನ ಹೊಟ್ಟೆಯೇ ಎಲ್ಲರೆದುರು ಮಾತಾಡಿತು.

ಊರಿಗೆ ಬಂದವನು ರೊಚ್ಚಿಗೆದ್ದು ತಿಂದೆ. ಬೋಂಡ, ಮಂಡಕ್ಕಿ ಮೆಣಸಿನಕಾಯಿ, ಬೇಕರಿ ತಿಂಡಿ. ಇನ್ನು ಯಾರಿಗಾಗಿ ಡಯಟ್? ಮೂರೇ ತಿಂಗಳಲ್ಲಿ 83 ಕೆ.ಜಿ. ಕಳೆದುಕೊಂಡ ಹತ್ತು, ಬಡ್ಡಿ ಸಮೇತ ವಾಪಸ್ ಬಂದಿತ್ತು.

'ಒಳಗಿರೋರನ್ನೂ ಉಪವಾಸ ಕೆಡವಿದ್ದೀಯ'

ಹೊಟ್ಟೆಯುಬ್ಬರ ಮಾತ್ರ ಹೋಗಲಿಲ್ಲ. ಕೊನೆಗೆ ಅಜ್ಜಿಯ ಬಿ.ಪಿ. ಮಾತ್ರೆಗೆ ಹೋದಾಗ ಅದೇ ಡಾಕ್ಟರ ಮುಂದೆ ನಾಚುತ್ತಲೇ ವಿಷಯ ಹೇಳಿದೆ. ಅವರು ಹೊಟ್ಟೆ ಒತ್ತಿ ನೋಡಿದರು, ರಕ್ತ ಹೋಗುತ್ತದಾ ಎಂದು ಕೇಳಿದರು, ಒಂದೆರಡು ಪರೀಕ್ಷೆ ಮಾಡಿಸಿದರು. ದೊಡ್ಡ ಕಾಯಿಲೆ ಏನೂ ಇಲ್ಲ ಎಂದಾದ ಮೇಲೆ ನನ್ನ ಡಯಟ್ಟಿನ ಕಥೆ ಕೇಳಿ ನಕ್ಕು, 'ನೀನೊಬ್ಬನೇ ಉಪವಾಸ ಇದ್ದೆ ಅಂದ್ಕೊಂಡಿದ್ದೀಯ. ಒಳಗಿರೋ ಬ್ಯಾಕ್ಟೀರಿಯಾನೂ ಉಪವಾಸ ಕೆಡವಿದ್ದೀಯ' ಅಂದರು.

ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ಮೈಕ್ರೋಬಯಾಲಜಿ. ಅಂಕಕ್ಕಾಗಿ ಓದಿದ್ದ ವಿಷಯವನ್ನು ಹೊಟ್ಟೆಗಾಗಿ ಮತ್ತೆ ಓದಲು ಕೂತೆ. ಓದಿದ್ದನ್ನು ನಿಮಗೂ ಹೇಳಿಬಿಡುತ್ತೇನೆ.

ನಮ್ಮ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ನಮ್ಮೊಳಗೆ ವಾಸವಿರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ! ಇಸ್ರೇಲಿನ ವೈಜ್ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಹಾಕಿದ ಲೆಕ್ಕ ಇದು. ಇವೆಲ್ಲವನ್ನೂ ತಕ್ಕಡಿಗೆ ಹಾಕಿದರೆ ಸುಮಾರು ಇನ್ನೂರು ಗ್ರಾಂ ಅಷ್ಟೇ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ.

ನಾವು ಉಂಡ ಅನ್ನ, ಸಕ್ಕರೆ, ಎಣ್ಣೆ, ಮೊಟ್ಟೆಯ ಬಹುಪಾಲು ಸಣ್ಣ ಕರುಳಿನಲ್ಲೇ ನಮ್ಮ ಪಾಲಾಗುತ್ತದೆ. ದೊಡ್ಡ ಕರುಳಿನವರೆಗೆ ಮುಟ್ಟುವುದು ನಮಗೆ ಅರಗದ ನಾರಿನಂಶ. ಅದೇ ಈ ಜೀವಿಗಳ ಊಟ. ಅವು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ಅಂದರೆ ನಾವು ಬಿಟ್ಟಿದ್ದನ್ನು ಅವು ತಿನ್ನುತ್ತವೆ, ಅವು ಬಿಟ್ಟಿದ್ದರಲ್ಲಿ ನಮ್ಮ ಕರುಳು ಬದುಕುತ್ತದೆ.

ನಾರೇ ಸಿಗದಿದ್ದರೆ? ಇಲಿಗಳ ಮೇಲೆ ನಡೆಸಿದ ಒಂದು ಪ್ರಯೋಗ 2016ರಲ್ಲಿ ಪ್ರಕಟವಾಯಿತು. ನಾರಿಲ್ಲದ ಆಹಾರ ಕೊಟ್ಟಾಗ ಕೆಲವು ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ರಕ್ಷಣೆಯಾಗಿರುವ ಲೋಳೆಯ ಪದರವನ್ನೇ ತಿನ್ನಲು ಶುರು ಮಾಡಿದವು. ಪದರ ತೆಳುವಾಗಿ, ಸೋಂಕು ಸುಲಭವಾಗಿ ಒಳನುಗ್ಗಿತು. ಇದನ್ನು ಓದಿದಾಗ ನನ್ನ ಏಳು ವಾರ ನೆನಪಾಯಿತು. ಕಪ್ಪು ಕಾಫಿ, ಮೊಟ್ಟೆಯ ಬಿಳಿ, ಪ್ರೋಟೀನ್ ಪುಡಿ. ಸೌತೆಕಾಯಿ ಬಿಟ್ಟರೆ ಅವುಗಳಿಗೆ ಏನು ಉಳಿಸಿದ್ದೆ?

ಅಜ್ಜಿಗೆ ಇದನ್ನು ಬಿಡಿಸಿ ಹೇಳಿದೆ. ಅಜ್ಜಿಗೆ ಏನೂ ಆಶ್ಚರ್ಯವಾಗಲಿಲ್ಲ. 'ದನಕ್ಕೆ ಮೇವು ಹಾಕ್ದಲೇ ಹಾಲು ಕರೀತೀನಿ ಅಂದ್ರೆ ಆಗ್ತೈತೇನೋ?' ಅಂದಳು.

ಐದು ದಿನದ ನೆಂಟರು, ಹಳೇ ನಿವಾಸಿಗಳು

ಊಟ ಬದಲಾದರೆ ಈ ಸಂಸಾರ ಎಷ್ಟು ಬೇಗ ಬದಲಾಗುತ್ತದೆ? ಅಮೆರಿಕದಲ್ಲಿ ಹತ್ತು ಮಂದಿ ಸ್ವಯಂಸೇವಕರಿಗೆ ಐದು ದಿನ ಬರೀ ಕಾಳು, ಧಾನ್ಯ, ಹಣ್ಣು, ತರಕಾರಿ ಕೊಟ್ಟರು. ಇನ್ನೊಂದು ಬಾರಿ ಐದು ದಿನ ಬರೀ ಮಾಂಸ, ಮೊಟ್ಟೆ, ಚೀಸ್. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೊಸ ಊಟ ಕರುಳು ಮುಟ್ಟಿದ ಒಂದೇ ದಿನದಲ್ಲಿ ಬದಲಾವಣೆ ಕಾಣಿಸಿತು, ಮಾಂಸದೂಟದಲ್ಲಿ ಹೆಚ್ಚಾಗಿ. ಪ್ರಯೋಗ ಮುಗಿದು ಮಾಮೂಲಿ ಊಟಕ್ಕೆ ಮರಳಿದ ಎರಡೇ ದಿನಕ್ಕೆ ಎಲ್ಲ ಹಿಂದಿನಂತಾಯಿತು. ಐದು ದಿನಕ್ಕೆ ಬಂದ ನೆಂಟರು ಐದು ದಿನಕ್ಕೆ ಹೊರಟುಹೋದ ಹಾಗೆ.

ಹಾಗಾದರೆ ಒಳಗೆ ಕಾಯಂ ಆಗಿ ಯಾರಿರಬೇಕು ಎಂದು ನಿರ್ಧರಿಸುವುದು ಏನು? ವರ್ಷಗಟ್ಟಲೆ ಉಣ್ಣುವ ಊಟಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ನಮ್ಮ ದೇಶದ್ದೇ ಉದಾಹರಣೆ ಇದೆ. ಭೋಪಾಲಿನ ಐಸರ್ ಸಂಸ್ಥೆಯ ವಿಜ್ಞಾನಿಗಳು ಭೋಪಾಲ್ ಮತ್ತು ಕೇರಳದ 110 ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾ ಹೋಲಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚಾಗಿ ಸಸ್ಯಾಹಾರ ಉಣ್ಣುವ ಭೋಪಾಲಿನವರಲ್ಲಿ ಪ್ರಿವೊಟೆಲ್ಲಾ ಎಂಬ ಗುಂಪಿನದೇ ಕಾರುಬಾರು. ಅನ್ನ, ಮೀನು, ಮಾಂಸ ಉಣ್ಣುವ ಕೇರಳದವರಲ್ಲಿ ಬ್ಯಾಕ್ಟೀರಾಯ್ಡಿಸ್, ಫೀಕಾಲಿಬ್ಯಾಕ್ಟೀರಿಯಂ ಮುಂತಾದವು ಹೆಚ್ಚು. ಇಬ್ಬರೂ ಆರೋಗ್ಯವಾಗೇ ಇದ್ದಾರೆ! ಇದೇ ಸರಿ, ಅದು ತಪ್ಪು ಎಂದು ಹೇಳಲು ಬರುವುದಿಲ್ಲ. ಒಂದೊಂದು ಊರಿನ ಊಟಕ್ಕೆ ಒಂದೊಂದು ಸಂಸಾರ ಹೊಂದಿಕೊಂಡಿದೆ ಅಷ್ಟೇ.

ಇನ್ನು ನನ್ನ ದೊಡ್ಡ ಪ್ರಶ್ನೆ. ಇಳಿದ ತೂಕ ಅಷ್ಟು ಬೇಗ ಯಾಕೆ ವಾಪಸ್ ಬಂತು? ವೈಜ್ಮನ್ ಸಂಸ್ಥೆಯ ಇನ್ನೊಂದು ತಂಡ ಇಲಿಗಳನ್ನು ಕೊಬ್ಬಿನ ಊಟದಿಂದ ದಪ್ಪ ಮಾಡಿ, ಆಮೇಲೆ ತೆಳ್ಳಗೆ ಮಾಡಿ, ಮತ್ತೆ ಕೊಬ್ಬಿನ ಊಟ ಕೊಟ್ಟು ನೋಡಿತು. ಹಿಂದೆ ದಪ್ಪಗಿದ್ದ ಇಲಿಗಳು ಎರಡನೇ ಸಲ ಇನ್ನೂ ಬೇಗ ಊದಿಕೊಂಡವು. ತೂಕ, ಸಕ್ಕರೆ ಎಲ್ಲ ಸಹಜಕ್ಕೆ ಬಂದಿದ್ದರೂ ಕರುಳಿನ ಬ್ಯಾಕ್ಟೀರಿಯಾ ಮಾತ್ರ ದಪ್ಪಗಿದ್ದ ಕಾಲದವೇ ಆಗಿ ಬಹಳ ದಿನ ಉಳಿದಿದ್ದವು. 2016ರ ಈ ಪ್ರಯೋಗ ಇಲಿಗಳದ್ದು, ಮನುಷ್ಯರಲ್ಲೂ ಹೀಗೇ ಎಂದು ಅದೊಂದರಿಂದಲೇ ಹೇಳಲಾಗದು. ಆದರೂ ನನ್ನ 81, 71, 83ರ ಲೆಕ್ಕ ನೋಡಿದರೆ ಆ ಇಲಿ ನನಗೆ ದೂರದ ಸಂಬಂಧಿ ಅನಿಸಿತು.

ಮನುಷ್ಯರ ಮೇಲಿನ ಒಂದು ಅಧ್ಯಯನವೂ ಇದೆ. ಜರ್ಮನಿಯಲ್ಲಿ ತೂಕ ಹೆಚ್ಚಿದ್ದ 80 ಹಿರಿಯ ಮಹಿಳೆಯರಲ್ಲಿ ಒಂದು ಗುಂಪಿಗೆ ಎಂಟು ವಾರ ದಿನಕ್ಕೆ 800 ಕ್ಯಾಲೊರಿಯ ದ್ರವ ಆಹಾರ ಕೊಟ್ಟರು. ತೂಕ ಇಳಿಯಿತು. ಜೊತೆಗೆ ಕರುಳಿನ ಸಂಸಾರ ಏರುಪೇರಾಯಿತು. ಕರುಳಿಗೆ ಉರಿಯೂತ ತರಬಲ್ಲ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಹೆಚ್ಚಾಯಿತು. 2021ರಲ್ಲಿ ಪ್ರಕಟವಾದ ಈ ಅಧ್ಯಯನ ನಡೆದದ್ದು ವೈದ್ಯರ ಕಣ್ಗಾವಲಿನಲ್ಲಿ. ನನ್ನ ಡಯಟ್ಟಿಗೆ ಇದ್ದ ಕಣ್ಗಾವಲು ಒಂದು ರೀಲ್ಸ್!

ಹಾಗಾದರೆ ತೆಳ್ಳಗಿನವರ ಬ್ಯಾಕ್ಟೀರಿಯಾ ತಂದು ಹಾಕಿಕೊಂಡರೆ ಆಯಿತಲ್ಲ? ಅದನ್ನೂ ನೋಡಿದ್ದಾರೆ. ಅಮೆರಿಕದ ಜೆಫ್ರಿ ಗಾರ್ಡನ್ ಅವರ ತಂಡ ಒಬ್ಬರು ದಪ್ಪ, ಒಬ್ಬರು ತೆಳ್ಳಗಿದ್ದ ಅವಳಿಗಳ ಬ್ಯಾಕ್ಟೀರಿಯಾವನ್ನು ಬೇರೆ ಬೇರೆ ಇಲಿಗಳಿಗೆ ಸೇರಿಸಿತು. ದಪ್ಪಗಿದ್ದವರದ್ದು ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಾಯಿತು. ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿ ಇಟ್ಟಾಗ ತೆಳ್ಳಗಿನವರ ಬ್ಯಾಕ್ಟೀರಿಯಾ ದಪ್ಪ ಇಲಿಗಳಲ್ಲೂ ನೆಲೆಸಿ, ಕೊಬ್ಬು ಏರುವುದನ್ನು ತಡೆದವು. ಆದರೆ ಒಂದು ಷರತ್ತು. ನಾರು ಹೆಚ್ಚಿರುವ, ಕೊಬ್ಬು ಕಡಿಮೆ ಇರುವ ಊಟ ಕೊಟ್ಟಾಗ ಮಾತ್ರ. ಕೊಬ್ಬಿನ ಊಟ ಕೊಟ್ಟಾಗ ಒಳ್ಳೆಯವು ಬಂದರೂ ನಿಲ್ಲಲಿಲ್ಲ. 2013ರ ಈ ಸಂಶೋಧನೆ ಓದಿದ ಮೇಲೆ ಪ್ರೊಬಯೋಟಿಕ್ ಕ್ಯಾಪ್ಸೂಲ್ ತರಿಸುವ ಆಸೆ ಬಿಟ್ಟೆ. ಉಣ್ಣಲು ಏನೂ ಇಲ್ಲದ ಮನೆಗೆ ಬಾಡಿಗೆದಾರರನ್ನು ಕರೆದರೆ ಎಷ್ಟು ದಿನ ಇದ್ದಾರು?

ಬರೀ ಓಡಿದರೆ ಸಾಕಾ?

ಓಟಗಾರನಾದ ನನಗೆ ತುಂಬ ಖುಷಿ ಕೊಟ್ಟಿದ್ದು ವ್ಯಾಯಾಮದ ಅಧ್ಯಯನಗಳು. ಇಲಿನಾಯ್ ವಿಶ್ವವಿದ್ಯಾಲಯದವರು ಯಾವ ವ್ಯಾಯಾಮವನ್ನೂ ಮಾಡದ 32 ಮಂದಿಯನ್ನು ಸೇರಿಸಿಕೊಂಡರು. 18 ಮಂದಿ ತೆಳ್ಳಗಿನವರು, 14 ಮಂದಿ ಬೊಜ್ಜಿನವರು. ಊಟ ಬದಲಿಸಬೇಡಿ ಎಂದು ಹೇಳಿ, ಆರು ವಾರ, ವಾರಕ್ಕೆ ಮೂರು ದಿನ, 30ರಿಂದ 60 ನಿಮಿಷ ವ್ಯಾಯಾಮ ಮಾಡಿಸಿದರು. ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾ ಹೆಚ್ಚಿದವು, ಆ ಆಮ್ಲಗಳೂ ಹೆಚ್ಚಿದವು. ಈ ಏರಿಕೆ ತೆಳ್ಳಗಿನವರಲ್ಲಿ ಚೆನ್ನಾಗಿ ಕಂಡಿತು, ಬೊಜ್ಜಿನವರಲ್ಲಿ ಅಷ್ಟಾಗಿ ಇಲ್ಲ. ಆಮೇಲೆ ಆರು ವಾರ ಸುಮ್ಮನೆ ಕೂರಿಸಿದಾಗ ಗಳಿಸಿದ್ದು ಬಹುಮಟ್ಟಿಗೆ ಕರಗಿಹೋಯಿತು. 2018ರ ಸಂಗತಿ ಇದು.

ಮರುವರ್ಷ ಬಂದದ್ದು ಇನ್ನೂ ಸ್ವಾರಸ್ಯ. ಬಾಸ್ಟನ್ ಮ್ಯಾರಥಾನ್ ಓಡಿದವರ ಕರುಳಿನಲ್ಲಿ ಓಟದ ನಂತರ ವೆಲೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿತ್ತು. ಓಡುವಾಗ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಹುಟ್ಟುತ್ತದಲ್ಲ, ಅದೇ ಇದರ ಊಟ. ತಿಂದು ಪ್ರೊಪಿಯೊನೇಟ್ ಮಾಡುತ್ತದೆ. ಇದನ್ನು ಇಲಿಗಳಿಗೆ ಕೊಟ್ಟಾಗ ಅವು ಟ್ರೆಡ್‌ಮಿಲ್‌ನಲ್ಲಿ ಶೇ 13ರಷ್ಟು ಹೆಚ್ಚು ಹೊತ್ತು ಓಡಿದವು. ಓಡುವವರ ಬೆವರಿಗೂ ಒಳಗೊಬ್ಬ ಗಿರಾಕಿ ಇದ್ದಾನೆ ಎಂದುಕೊಂಡು ನಕ್ಕೆ.

ವ್ಯಾಯಾಮದ ಮಾತು ಬಂದರೆ ನಮ್ಮ ತಾಲ್ಲೂಕಿನವರಿಗೆ ಮಲ್ಲಾಡಿಹಳ್ಳಿ ನೆನಪಾಗಲೇಬೇಕು. ಅನಾಥ ಸೇವಾಶ್ರಮದ ರಾಘವೇಂದ್ರ ಸ್ವಾಮೀಜಿ, 'ತಿರುಕ' ಎಂಬ ಹೆಸರಿನಲ್ಲಿ ಬರೆದವರು, ಊರೂರಿನಲ್ಲಿ ಯೋಗ ಮತ್ತು ವ್ಯಾಯಾಮದ ಶಿಬಿರ ನಡೆಸಿದವರು, ಆಯುರ್ವೇದದ ಔಷಧಿ ಕೊಟ್ಟವರು. 1996ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ನಮ್ಮ ತಾತ ಹುಡುಗನಾಗಿದ್ದಾಗ ಅವರ ಒಂದು ಶಿಬಿರಕ್ಕೆ ಹೋಗಿ ಬಂದಿದ್ದರಂತೆ. ಅಲ್ಲಿ ಕಲಿತ ಸೂರ್ಯನಮಸ್ಕಾರವನ್ನು ಸಾಯುವ ವರ್ಷದವರೆಗೂ ಬಿಡಲಿಲ್ಲ. ದಿನಕ್ಕೆ ಹನ್ನೆರಡು ಅಷ್ಟೇ. ಚಿಕ್ಕವನಿದ್ದಾಗ ನಾನು, 'ಬರೀ ಹನ್ನೆರಡಾ ತಾತ? ನಾನು ಐವತ್ತು ಹೊಡೀತೀನಿ' ಎಂದು ಸವಾಲು ಹಾಕಿ ಹೊಡೆದೂ ಇದ್ದೆ. ಒಂದು ದಿನ. ತಾತ ಮಾರನೇ ದಿನವೂ ತಮ್ಮ ಹನ್ನೆರಡನ್ನು ಮಾಡಿದರು. ಇಲಿನಾಯ್‌ನವರ ವರದಿ ಓದುವಾಗ ನನಗೆ ಕಣ್ಣಿಗೆ ಕಟ್ಟಿದ್ದು ತಾತನ ಆ ಹನ್ನೆರಡು.

ಅಜ್ಜಿಯ ಅಡುಗೆಮನೆಗೆ ಅರ್ಜಿ

ಓದಿದ್ದು ಸಾಕು, ಮಾಡೋಣ ಎಂದು ಅಜ್ಜಿಯ ಮುಂದೆ ನಿಂತೆ. 'ನೀನು ಉಣ್ಣೋದನ್ನೇ ನನಗೂ ಹಾಕು' ಅಂದೆ. ಮಧ್ಯಾಹ್ನ ರಾಗಿಮುದ್ದೆ, ಸೊಪ್ಪಿನ ಸಾರು ಇಲ್ಲವೇ ಹುರುಳಿಕಾಳಿನ ಸಾರು. ರಾತ್ರಿ ಮತ್ತೆ ಅದೇ, ಇಲ್ಲವೇ ಪಕ್ಕದ ಹೊಸದುರ್ಗದ ಕಡೆಯಿಂದ ತಂದ ಸಾಮೆ ಅನ್ನ. ಬೆಳಿಗ್ಗೆ ಅಂಬಲಿಗೆ ಮಜ್ಜಿಗೆ. ನಡುವೆ ಕಡಲೆಕಾಯಿ, ಸೀಬೆಹಣ್ಣು.

ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಹುರುಳಿಯಲ್ಲಿ ಸುಮಾರು 8 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಹೊತ್ತು ಮುದ್ದೆ, ಕಾಳು, ಸೊಪ್ಪು ಉಂಡರೆ ಯಾವ ಡಬ್ಬವೂ ಇಲ್ಲದೆ ಅಲ್ಲಿಗೆ ಮುಟ್ಟಬಹುದು. ಅನ್ನ ಬಿಡಲೇಬೇಕು ಅಂತಲೂ ಇಲ್ಲ. ಬೇಯಿಸಿ ಆರಿದ ಅನ್ನದಲ್ಲಿ ಪಿಷ್ಟದ ಒಂದು ಪಾಲು ಗಟ್ಟಿಯಾಗಿ, ನಮಗೆ ಅರಗದೆ ಬ್ಯಾಕ್ಟೀರಿಯಾಗಳಿಗೆ ಮುಟ್ಟುತ್ತದೆ. ಮಜ್ಜಿಗೆ ಹಾಕಿ ಕಲಸಿದ ತಂಗಳನ್ನವನ್ನು ನಾವು ಬಡವರ ಊಟ ಎಂದು ಸ್ನೇಹಿತರ ಮುಂದೆ ಮುಚ್ಚಿಡುತ್ತಿದ್ದೆವು! ಕೆಡದಂತೆ ಇಟ್ಟುಕೊಳ್ಳಬೇಕು ಅಷ್ಟೇ. ಮೊಸರು ಮಜ್ಜಿಗೆಯಂಥ ಹುದುಗಿದ ಆಹಾರದ ಪರವಾಗಿಯೂ ಸಾಕ್ಷಿಯಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ 36 ಮಂದಿಯ ಅಧ್ಯಯನದಲ್ಲಿ ಹತ್ತು ವಾರ ಇಂಥ ಆಹಾರವನ್ನು ಧಾರಾಳವಾಗಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತ್ತು.

ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲ ವಾರ ಉತ್ಸಾಹದಲ್ಲಿ ಮೂರು ಹೊತ್ತೂ ಹುರುಳಿ ತಿಂದೆ. ಆ ವಾರ ನಮ್ಮ ಮನೆಯಲ್ಲಿ ಯಾರೂ ನನ್ನ ಪಕ್ಕ ಮಲಗಲಿಲ್ಲ! ನಾರಿಗೆ ಒಗ್ಗದ ಕರುಳಿಗೆ ಒಮ್ಮೆಲೇ ತುರುಕಿದರೆ ಗ್ಯಾಸು, ಉಬ್ಬರ ಖಂಡಿತ. ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಬೇಕು. ಕಾಳನ್ನು ರಾತ್ರಿ ನೆನೆಹಾಕಿ, ಮೊಳಕೆ ಕಟ್ಟಿ ಬೇಯಿಸಿದರೆ ಉಬ್ಬರ ಕಡಿಮೆ ಎಂಬುದು ಅಜ್ಜಿಗೆ ಮೊದಲೇ ಗೊತ್ತಿತ್ತು. ನನಗೇ ತಾಳ್ಮೆ ಇರಲಿಲ್ಲ.

ಓಟವನ್ನೂ ಹಾಗೇ ನಿಧಾನಕ್ಕೆ ಶುರು ಮಾಡಿದೆ. ಮೊದಲ ತಿಂಗಳು ಬರೀ ನಡಿಗೆ ಮತ್ತು ಸಣ್ಣ ಓಟ. ಮಾತಾಡುತ್ತಾ ಓಡುವಷ್ಟು ವೇಗ. ವಾರಕ್ಕೆ ಐದು ದಿನ, ದಿನಕ್ಕೆ ನಲವತ್ತು ನಿಮಿಷ. ಬಯಲು ಗಣಪನಿಗೆ ಒಂದು ಕೈ ಮುಗಿದು ಹೊರಟರೆ, ಬಿಸಿಲೇರುವ ಮೊದಲು ಮನೆ. ಜೋರಾಗಿ ಓಡುವಾಗ ರಕ್ತ ಹೊಟ್ಟೆಯಿಂದ ಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ, ಹಾಗಾಗಿ ಓಟಕ್ಕೆ ಮುಂಚೆ ಏನು, ಎಷ್ಟು ಹೊತ್ತಿಗೆ ತಿನ್ನಬೇಕು ಎಂದೂ ಕಲಿತೆ. ಅಂದು ಮೈದಾನಕ್ಕೆ ಇಳಿಯುವ ಅರ್ಧ ಗಂಟೆ ಮೊದಲು ಖಾಲಿ ಹೊಟ್ಟೆಗೆ ಕಾಫಿ ಕುಡಿದು, ಭಯಕ್ಕೆ ಎರಡು ಬಾಳೆಹಣ್ಣು ನುಂಗಿದ್ದೆ. ಆ ನೋವಿಗೆ ಅದೂ ಕಾರಣ ಇದ್ದೀತು.

ಒಂಬತ್ತು ತಿಂಗಳ ನಂತರ

ಒಂಬತ್ತು ತಿಂಗಳಲ್ಲಿ ನಾನು 83ರಿಂದ 75ಕ್ಕೆ ಬಂದಿದ್ದೇನೆ. ತಿಂಗಳಿಗೆ ಒಂದು ಕೆ.ಜಿ.ಯೂ ಇಲ್ಲ. ರೀಲ್ಸ್ ಮಾಡಿದರೆ ಯಾರೂ ನೋಡುವುದಿಲ್ಲ. ಆದರೆ ಈ ಸಲ ಇಳಿದದ್ದು ವಾಪಸ್ ಬಂದಿಲ್ಲ. ಹೊಟ್ಟೆಯುಬ್ಬರ ಎರಡನೇ ತಿಂಗಳಿಗೇ ಕಡಿಮೆಯಾಯಿತು, ಬೆಳಿಗ್ಗೆಯ ಕೆಲಸ ಗಡಿಯಾರದ ಹಾಗೆ. ಕಳೆದ ತಿಂಗಳು ಕಾಲೇಜಿನ ಮೈದಾನದಲ್ಲಿ ಗೆಳೆಯ ಮೊಬೈಲ್ ಹಿಡಿದು ಲೆಕ್ಕ ಹಾಕಿದ: 1600 ಮೀಟರ್, 6 ನಿಮಿಷ 12 ಸೆಕೆಂಡು.

ಇದೆಲ್ಲ ಬ್ಯಾಕ್ಟೀರಿಯಾದ ಮಹಿಮೆ ಎಂದು ನಾನು ಹೇಳಿದರೆ ಅದು ಇನ್ನೊಂದು ರೀಲ್ಸ್ ಆಗುತ್ತದೆ. ಊಟ, ನಿದ್ದೆ, ಓಟ ಮೂರೂ ಒಟ್ಟಿಗೆ ಬದಲಾದವು. ಯಾವುದರ ಪಾಲು ಎಷ್ಟು ಎಂದು ನನ್ನೊಬ್ಬನ ದೇಹದಿಂದ ಹೇಳಲು ಸಾಧ್ಯವಿಲ್ಲ. ಮಲ ಪರೀಕ್ಷೆ ಮಾಡಿ ನಿಮ್ಮ ಬ್ಯಾಕ್ಟೀರಿಯಾ ಹೇಳುತ್ತೇವೆ, ಅದಕ್ಕೆ ತಕ್ಕ ಡಯಟ್ ಕೊಡುತ್ತೇವೆ ಎನ್ನುವ ದುಬಾರಿ ಕಿಟ್‌ಗಳ ಜಾಹೀರಾತು ಬಂದರೆ ನಾನು ಪಕ್ಕಕ್ಕೆ ಸರಿಸುತ್ತೇನೆ. ಆ ದುಡ್ಡಿಗೆ ಎಷ್ಟು ತಿಂಗಳ ರಾಗಿ ಬರುತ್ತದೆ ಎಂದು ಲೆಕ್ಕ ಹಾಕಿದರೆ ಸಾಕು.

ಹಾಸ್ಟೆಲ್, ಪಿಜಿಯಲ್ಲಿ ಇರುವವರು ಕೇಳಬಹುದು, 'ನಿನಗೆ ಅಜ್ಜಿ ಇದ್ದಾರೆ, ನಮಗೆ?' ನಿಜ. ಆದರೆ ರಾತ್ರಿ ಒಂದು ಹಿಡಿ ಕಡಲೆಕಾಳು ಅಥವಾ ಹೆಸರುಕಾಳು ನೆನೆಹಾಕಲು ಒಲೆ ಬೇಡ. ಪಪ್ಸಿನ ದುಡ್ಡಿಗೆ ಒಂದು ಸೀಬೆಹಣ್ಣೋ ಎರಡು ಬಾಳೆಹಣ್ಣೋ ಬರುತ್ತದೆ. ಮೆಸ್ಸಿನ ಅನ್ನಕ್ಕೆ ಒಂದು ಲೋಟ ಮಜ್ಜಿಗೆ ಸೇರುತ್ತದೆ. ಲೈಬ್ರರಿಯಿಂದ ರೂಮಿಗೆ ನಡೆದು ಹೋಗಬಹುದು. ಜ್ವರ, ನೆಗಡಿಗೆಲ್ಲ ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗುವುದನ್ನು ನಿಲ್ಲಿಸಬಹುದು, ಅದು ಕೆಟ್ಟವುಗಳ ಜೊತೆ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಮತ್ತೆ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಭೇದಿ ಇಂಥವಿದ್ದರೆ ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ನಾನು ನಾಚಿಕೆಯಲ್ಲೇ ತಿಂಗಳುಗಳನ್ನು ಕಳೆದೆ.

ನಾವು ಕೆಲಸ ಹುಡುಕುವವರ ಬದುಕೇ ನೋಟಿಫಿಕೇಶನ್‌ಗೆ ತಕ್ಕ ಹಾಗೆ ಕುಣಿಯುತ್ತದೆ. ಪ್ರಕಟಣೆ ಬಂದರೆ ಹಗಲು ರಾತ್ರಿ ಓದು, ಓಟ, ಉಪವಾಸ. ಮುಂದೂಡಿದರೆ ಮೂರು ತಿಂಗಳು ಮಲಗುವುದು. ಹೊಟ್ಟೆಯೊಳಗಿನವರಿಗೆ ನೋಟಿಫಿಕೇಶನ್ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಇವತ್ತು ಊಟ ಬಂತೋ ಇಲ್ಲವೋ ಎಂಬುದಷ್ಟೇ.

ಮುಂದಿನ ನೇಮಕಾತಿ ಯಾವಾಗ ಎಂದು ಕಾಯುತ್ತಿದ್ದೇನೆ. ವಯೋಮಿತಿಗೆ ಇನ್ನೊಂದೇ ಅವಕಾಶ ಉಳಿದಿರಬಹುದು. ಸಿಗುತ್ತದೋ ಇಲ್ಲವೋ ಹೇಳಲಾರೆ. ಸಿಕ್ಕಿದರೆ ಮೊದಲ ಸಂಬಳದಲ್ಲಿ ಅಪ್ಪನಿಗೆ ಆ ಪ್ರೋಟೀನ್ ಡಬ್ಬದ ದುಡ್ಡು ವಾಪಸ್ ಕೊಟ್ಟು, ನಿಜ ಹೇಳಬೇಕು. ಅಲ್ಲ, ಈ ಲೇಖನ ಅಚ್ಚಾದರೆ ಅವರಿಗೆ ಅದಕ್ಕೂ ಮುಂಚೆಯೇ ಗೊತ್ತಾಗುತ್ತದೆ!

ಇದನ್ನು ಬರೆದು ಮುಗಿಸುವ ಹೊತ್ತಿಗೆ ರಾತ್ರಿ ಒಂಬತ್ತಾಯಿತು. ಅಡುಗೆಮನೆಯಲ್ಲಿ ಅಜ್ಜಿ ನಾಳೆಗೆ ಹುರುಳಿಕಾಳು ನೆನೆಹಾಕುತ್ತಿದ್ದಾಳೆ. 'ಲೈಟ್ ಆರಿಸಿ ಮಲಕ್ಕೊಳೋ, ಬೆಳಿಗ್ಗೆ ಓಡೋಕೆ ಹೋಗ್ಬೇಕು' ಎಂಬ ಕೂಗು ಬಂತು. ಹೊರಟೆ.